ಮೊದಲು ಹೆಸರು ಸರಿಮಾಡಿ, ಆಮೇಲೆ ಅರ್ಜಿ: ಕಾಸರಗೋಡಿನ ಕನ್ನಡಿಗರಿಗೆ ರೇಷನ್, ಪೆನ್ಷನ್, ಚಿಕಿತ್ಸೆಯ ದಾರಿ

ನಮ್ಮ ನೆರೆಮನೆಯ ದೊಡ್ಡಮ್ಮನಿಗೆ ವಿಧವಾ ಪೆನ್ಷನ್ ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅರ್ಹತೆ ಇರಲಿಲ್ಲವೇ ಎಂದರೆ ಹಾಗೇನಿಲ್ಲ. ಗಂಡ ತೀರಿಕೊಂಡಿದ್ದರು. ವರಮಾನ ಎಂದರೆ ಬೀಡಿ ಕಟ್ಟಿ ಬಂದಷ್ಟು. ಇರುವುದು 15 ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ. ತಡವಾದದ್ದು ಗಂಡನ ಹೆಸರಿನಿಂದ. ಆಧಾರಿನಲ್ಲಿ ಒಂದು ಥರ, ಮರಣ ಪತ್ರದಲ್ಲಿ ಇನ್ನೊಂದು ಥರ, ರೇಷನ್ ಕಾರ್ಡಿನಲ್ಲಿ ಮತ್ತೊಂದು ಥರ. ಮೂರನೇ ಸಲ ಅರ್ಜಿ ವಾಪಸ್ ಬಂದಾಗ ದೊಡ್ಡಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಕಂಪ್ಯೂಟರಿನ ಲೆಕ್ಕದಲ್ಲಿ ನನಗೆ ಮೂವರು ಗಂಡಂದಿರು, ಅಲ್ವಾ ಮಗಾ?" ಎಂದು ನಕ್ಕರು.

ಅವರ ಜೊತೆ ಓಡಾಡಿ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. ನಾವು ಸಿಕ್ಕಿಬೀಳುವುದು ಕಾಗದದಲ್ಲಿ, ಮತ್ತೆ ಮಲಯಾಳದ ಫಾರಮಿನಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲ ಹೆಜ್ಜೆ: ಕಾಗದಗಳನ್ನು ಚಾಪೆ ಮೇಲೆ ಹರಡಿ

ಯಾವ ಆಫೀಸಿಗೂ ಹೋಗುವ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಆಧಾರ್, ರೇಷನ್ ಕಾರ್ಡು, ವೋಟರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಸರ್ಟಿಫಿಕೇಟ್ ಇದ್ದರೆ ಅದು, ತೀರ್ವೆ ರಶೀದಿ, ಪಂಚಾಯತಿಗೆ ಕಟ್ಟಿದ ಮನೆ ತೆರಿಗೆಯ ರಶೀದಿ, ಎಲ್ಲವನ್ನೂ ಸಾಲಾಗಿ ಇಡಿ. ಇಂಗ್ಲಿಷಿನಲ್ಲಿ ಇರುವ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. ಕಂಪ್ಯೂಟರು ಹೋಲಿಸುವುದು ಹೆಚ್ಚಾಗಿ ಅದನ್ನೇ.

ಐತಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ. ಇಂಗ್ಲಿಷಿಗೆ ಹೋದಾಗ ಒಬ್ಬರು 'ತ'ದ ಜೊತೆಗೆ ಎಚ್ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ, ಇನ್ನೊಬ್ಬರು 'ಐ'ಗೆ ಎ ಹಾಕುವುದನ್ನೇ ಮರೆಯುತ್ತಾರೆ. ಮಲಯಾಳದವರು ಬರೆದರೆ ಎಚ್ ಬಂದೇ ಬರುತ್ತದೆ, ಅದು ಅವರ ರೂಢಿ. ಒಬ್ಬ ಮನುಷ್ಯನಿಗೆ ಮೂರು ಸ್ಪೆಲ್ಲಿಂಗ್ ಆಗುವುದು ಹೀಗೆ.

ಹುಟ್ಟಿದ ದಿನವನ್ನೂ ನೋಡಿ. ನಮ್ಮ ಊರಿನ ಎಷ್ಟೋ ಹಿರಿಯರು ಆಧಾರ್ ಪ್ರಕಾರ ಜನವರಿ 1ಕ್ಕೇ ಹುಟ್ಟಿದವರು! ದಿನ ಗೊತ್ತಿಲ್ಲದವರಿಗೆಲ್ಲ ಆಗ ಹಾಗೆ ಹಾಕಿದ್ದರು. ವೃದ್ಧಾಪ್ಯ ಪೆನ್ಷನ್‌ಗೆ 60 ತುಂಬಿರಬೇಕು. ಒಂದು ಕಾಗದದಲ್ಲಿ 61, ಇನ್ನೊಂದರಲ್ಲಿ 57 ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ತಪ್ಪು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಕೂಡಲೇ ಆಧಾರ್ ತಿದ್ದಲು ಓಡಬೇಡಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಮೊದಲು ಯಾವ ಹೆಸರು ಜಾಸ್ತಿ ಕಾಗದಗಳಲ್ಲಿ ಇದೆ ಎಂದು ಎಣಿಸಿ. ಆಧಾರ್ ಮತ್ತು ಪಾಸ್‌ಬುಕ್ ಒಂದೇ ಥರ ಇದ್ದರೆ ರೇಷನ್ ಕಾರ್ಡನ್ನು ಅದಕ್ಕೆ ಹೊಂದಿಸುವುದು ಸುಲಭ. ಕಂಪ್ಯೂಟರಿನಲ್ಲಿ ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಿಂದ ಅರ್ಜಿ ಹಾಕಬಹುದು, ತಾಲೂಕು ಸಪ್ಲೈ ಆಫೀಸಿನವರು ಮಂಜೂರು ಮಾಡುತ್ತಾರೆ.

ತೀರಿಹೋದವರ ಆಧಾರ್ ತಿದ್ದಲು ಆಗುವುದಿಲ್ಲ. ದೊಡ್ಡಮ್ಮನ ಕತೆಯ ಗಂಟು ಇದ್ದದ್ದೇ ಅಲ್ಲಿ. ಅದಕ್ಕೊಂದು ಮದ್ದು ಉಂಟು, ಅದನ್ನು ನಮಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ವಿಲ್ಲೇಜ್ ಆಫೀಸಿನಿಂದ 'ವನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್' ಎಂಬುದನ್ನು ತೆಗೆಸಬಹುದು. ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ ಎಂದು ವಿಲ್ಲೇಜ್ ಆಫೀಸರ್ ಬರೆದುಕೊಡುವ ಪತ್ರ. ಅಕ್ಷಯದಲ್ಲಿ ಇ-ಡಿಸ್ಟ್ರಿಕ್ಟ್ ಎಂಬ ಸರ್ಕಾರಿ ವೆಬ್‌ಸೈಟ್ ಮೂಲಕ ಅರ್ಜಿ ಹಾಕಿ, ಬೇರೆ ಬೇರೆ ಥರದ ಹೆಸರು ಇರುವ ಕಾಗದಗಳನ್ನು ಜೊತೆಗೆ ಕೊಡಬೇಕು. ಹದಿಮೂರು ತಿಂಗಳು ಅಲೆದ ಮೇಲೆ ಈ ಒಂದು ಹಾಳೆಯಿಂದ ಕೆಲಸ ಆಯಿತು.

ಮನೆ ಹೆಸರಿನದ್ದು ಇನ್ನೊಂದು ತರಲೆ. ಕೇರಳದ ಎಲ್ಲ ಫಾರಮಿನಲ್ಲೂ ಮನೆ ಹೆಸರು ಕೇಳುತ್ತಾರೆ. ನಮ್ಮಲ್ಲಿ ಹಲವರಿಗೆ ಹಾಗೆ ಒಂದು ಹೆಸರಿಲ್ಲ, ಜಾಗದ ಹೆಸರೇ ಮನೆ ಹೆಸರು. ಒಂದು ಕಡೆ ಜಾಗದ ಹೆಸರು, ಇನ್ನೊಂದು ಕಡೆ ಮಕ್ಕಳು ಗೇಟಿನಲ್ಲಿ ಬರೆಸಿದ 'ಶ್ರೀ' ಏನೋ ಒಂದು. ಯಾವುದಾದರೂ ಒಂದನ್ನು ಹಿಡಿದು ಅದನ್ನೇ ಎಲ್ಲ ಕಡೆ ಬರೆಯಿರಿ. ವಾರ್ಡ್ ನಂಬರನ್ನೂ ನೋಡಿಕೊಳ್ಳಿ. 2025ರ ಪಂಚಾಯತ್ ಚುನಾವಣೆಗೆ ಮುಂಚೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದ್ದಾರೆ, ಹಳೇ ನಂಬರು ಈಗ ಇರಬೇಕೆಂದಿಲ್ಲ.

ಫಾರಮಿನ ಮಲಯಾಳ

ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಮಲಯಾಳ ಮಾತು ಬರುತ್ತದೆ, ಓದಲು ಬರುವುದಿಲ್ಲ. ಯಾರಾದರೂ ಓದಿ ಹೇಳಿದರೂ ಕೆಲವು ಶಬ್ದಗಳು ಕನ್ನಡದ ಹಾಗೆಯೇ ಕೇಳಿಸುತ್ತವೆ, ಅರ್ಥ ಮಾತ್ರ ಬೇರೆ.

'ಅಪೇಕ್ಷ' ಎಂದರೆ ಆಸೆ ಅಲ್ಲ, ಅರ್ಜಿ. 'ಅಪೇಕ್ಷಕ' ಎಂದರೆ ಅರ್ಜಿ ಹಾಕುವವರು. 'ಒಪ್ಪ್' ಎಂದು ಬರೆದ ಕಡೆ ನೀವು ಒಪ್ಪಬೇಕಾಗಿಲ್ಲ, ಸಹಿ ಹಾಕಬೇಕು. 'ಅವಕಾಶಂ' ಎಂದರೆ ಹಕ್ಕು, 'ಅವಕಾಶಿ' ಎಂದರೆ ಹಕ್ಕುದಾರ, ವಾರಸುದಾರ. 'ತಾಮಸಂ' ಎಂದರೆ ವಾಸ. ನಮ್ಮ ಹಳಬರು ತಾಮಸ ಎಂದರೆ ತಡ ಎನ್ನುತ್ತಾರೆ. ಆಫೀಸುಗಳಲ್ಲಿ ಎರಡು ಅರ್ಥವೂ ಸರಿಯೇ ಎನ್ನಿ. 'ವೀಟ್ಟುಪೇರ್' ಮನೆ ಹೆಸರು. 'ವರುಮಾನಂ' ನಮ್ಮ ವರಮಾನವೇ. 'ಕರಂ' ಎಂದರೆ ತೀರ್ವೆ. 'ಕೈವಶಾವಕಾಶ ಸರ್ಟಿಫಿಕೇಟ್' ಎಂದರೆ ಜಾಗ ನಿಮ್ಮ ಸ್ವಾಧೀನದಲ್ಲಿದೆ ಎಂಬ ಪತ್ರ. 'ಮುನ್‌ಗಣನ' ರೇಷನ್ ಕಾರ್ಡಿನಲ್ಲಿ ಬರುವ ಶಬ್ದ, ಆದ್ಯತೆ ಎಂದು ಅರ್ಥ. ಅರ್ಜಿಯ ಸ್ಥಿತಿ ನೋಡುವಾಗ 'ತಿರಿಚ್ಚಯಚ್ಚು' ಎಂದು ಕಂಡರೆ ವಾಪಸ್ ಕಳಿಸಿದ್ದಾರೆ ಎಂದು. ತಿರಸ್ಕಾರ ಆದದ್ದಲ್ಲ. ಬೇಕಾದ ಕಾಗದ ಸೇರಿಸಿ ಮತ್ತೆ ಕೊಟ್ಟರೆ ಸಾಕು. ಇದು ತಿಳಿಯದೆ ಎಷ್ಟೋ ಜನ ಆಸೆ ಬಿಟ್ಟು ಸುಮ್ನೆ ಕೂತಿದ್ದಾರೆ.

ಯಾವ ಕೆಲಸಕ್ಕೆ ಯಾವ ಬಾಗಿಲು

ರೇಷನ್ ಕಾರ್ಡಿಗೆ ತಾಲೂಕು ಸಪ್ಲೈ ಆಫೀಸು. ಆದಾಯ, ಜಾತಿ, ಜಾಗದ ಪತ್ರಗಳಿಗೆ ವಿಲ್ಲೇಜ್ ಆಫೀಸು. ಪೆನ್ಷನ್ ಮತ್ತು ಮನೆಗೆ ಪಂಚಾಯತ್. ಅಂಗವಿಕಲ ಮಕ್ಕಳು, ಹಾಸಿಗೆ ಹಿಡಿದವರ ವಿಷಯಕ್ಕೆ ಮೊದಲು ಅಂಗನವಾಡಿ ಟೀಚರನ್ನು ಕೇಳಿ. ಪರಿಶಿಷ್ಟ ಪಂಗಡದ ಕಾಲನಿಗಳಿಗೆ ಎಸ್‌ಟಿ ಪ್ರೊಮೋಟರ್ ಬರುತ್ತಾರೆ, ಅವರನ್ನು ಹಿಡಿದರೆ ಅರ್ಧ ಓಡಾಟ ಉಳಿಯುತ್ತದೆ. ಕುಟುಂಬಶ್ರೀಯ ಅಯಲ್‌ಕೂಟದಲ್ಲಿ, ಅಂದರೆ ನೆರೆಮನೆ ಹೆಂಗಸರ ಗುಂಪಿನಲ್ಲಿ, ಇರುವ ಅಕ್ಕಂದಿರಿಗೆ ಯಾವ ಅರ್ಜಿ ಯಾವಾಗ ಕರೆದಿದ್ದಾರೆ ಎಂಬುದು ಮೆಂಬರರಿಗಿಂತ ಮುಂಚೆ ಗೊತ್ತಿರುತ್ತದೆ. ವಾರದ ಮೀಟಿಂಗ್ ತಪ್ಪಿಸಬೇಡಿ.

ಅಕ್ಷಯ ಕೇಂದ್ರದ ಬಗ್ಗೆ ಒಂದು ಮಾತು. ಅಲ್ಲಿಯವರು ಅರ್ಜಿಯನ್ನು ಕಂಪ್ಯೂಟರಿಗೆ ಏರಿಸುವವರು. ಮಂಜೂರು ಮಾಡುವವರು ಅಲ್ಲ. "ಅಕ್ಷಯದಲ್ಲಿ ಕೊಟ್ಟಿದ್ದೇನೆ, ಇನ್ನು ಬರುತ್ತದೆ" ಎಂದು ಕಾಯುತ್ತಾ ಕೂತರೆ ಕಾದದ್ದೇ ಬಂತು. ಅಲ್ಲಿ ಮೂರು ವಿಷಯ ನೋಡಿಕೊಳ್ಳಿ. ಸಬ್ಮಿಟ್ ಮಾಡುವ ಮುಂಚೆ ಸ್ಕ್ರೀನ್ ತಿರುಗಿಸಿ ತೋರಿಸಲು ಹೇಳಿ, ಹೆಸರನ್ನು ನೀವೇ ಓದಿ. ಮೊಬೈಲ್ ನಂಬರು ನಿಮ್ಮದೇ ಹಾಕಿಸಿ. ನಿಮ್ಮಲ್ಲಿ ಫೋನ್ ಇಲ್ಲದಿದ್ದರೆ ಮನೆಯವರದ್ದು. ಅಕ್ಷಯದ್ದೋ ಮಧ್ಯೆ ಸಿಕ್ಕಿದ ಯಾರದ್ದೋ ನಂಬರು ಬೇಡ, ಒಟಿಪಿಗೆ ಆಮೇಲೆ ಅವರ ಬಾಗಿಲು ತಟ್ಟಬೇಕಾಗುತ್ತದೆ. ಮೂರನೆಯದು, ಅರ್ಜಿ ನಂಬರು ಇರುವ ರಶೀದಿ. ಯಾವ ಕೆಲಸಕ್ಕೆ ಎಷ್ಟು ಎಂಬ ದರಪಟ್ಟಿ ಗೋಡೆಯ ಮೇಲೆ ಇರಬೇಕು, ಕಾಣದಿದ್ದರೆ ಕೇಳಿ.

ರೇಷನ್ ಕಾರ್ಡಿನ ಬಣ್ಣ

ಕೇರಳದಲ್ಲಿ ಬಡವರಿಗೆ ಸಿಗುವ ಎಷ್ಟೋ ಸಹಾಯದ ಬೀಗದ ಕೈ ಇದು. ಹಳದಿ ಕಾರ್ಡು ಅಂತ್ಯೋದಯ, ತೀರಾ ಬಡವರದ್ದು. ಪಿಂಕ್ ಆದ್ಯತಾ ಕುಟುಂಬದ್ದು. ನೀಲಿಗೆ ಸಬ್ಸಿಡಿ ಉಂಟು, ಆದ್ಯತೆ ಇಲ್ಲ. ಬಿಳಿಗೆ ಎರಡೂ ಇಲ್ಲ. ಅನಾಥಾಲಯದಂಥ ಸಂಸ್ಥೆಗಳಿಗೆ ಕಂದು ಕಾರ್ಡು.

ಹಳದಿಗೆ ಕಾರ್ಡಿಗೆ 35 ಕಿಲೋ ಧಾನ್ಯ, ಪಿಂಕಿಗೆ ಒಬ್ಬೊಬ್ಬರಿಗೆ 5 ಕಿಲೋ. ಎರಡಕ್ಕೂ ಧಾನ್ಯಕ್ಕೆ ಹಣವಿಲ್ಲ. 2023ರ ಜನವರಿಯಿಂದ ಕೇಂದ್ರದವರು ಇದನ್ನು ಉಚಿತ ಮಾಡಿದ್ದಾರೆ, 2024ರ ಜನವರಿಯಿಂದ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದ್ದಾರೆ. ನೀಲಿ ಕಾರ್ಡಿನವರಿಗೆ ಒಬ್ಬರಿಗೆ 2 ಕಿಲೋ ಅಕ್ಕಿ, ಕಿಲೋಗೆ 4 ರೂಪಾಯಿಯಂತೆ. ಕುಚ್ಚಲು ಸಿಗುತ್ತದೋ ಬೆಳ್ತಿಗೆ ಸಿಗುತ್ತದೋ ಎಂಬುದು ಆ ತಿಂಗಳ ಸ್ಟಾಕ್ ನೋಡಿ. ಅದರ ಚರ್ಚೆ ರೇಷನ್ ಅಂಗಡಿಯ ಎದುರು ಪ್ರತಿ ತಿಂಗಳು ನಡೆದೇ ಇರುತ್ತದೆ.

ಬಿಳಿ, ನೀಲಿಯಿಂದ ಪಿಂಕಿಗೆ ಬರಬೇಕು ಎನ್ನುವವರು ಮೊದಲು ತಮ್ಮನ್ನೇ ಕೇಳಿಕೊಳ್ಳಿ. ಮನೆಯಲ್ಲಿ ಸರ್ಕಾರಿ ನೌಕರರೋ ಸರ್ಕಾರಿ ಪೆನ್ಷನ್ ಬರುವವರೋ ಇದ್ದಾರಾ? ಇನ್‌ಕಂ ಟ್ಯಾಕ್ಸ್ ಕಟ್ಟುವವರು ಇದ್ದಾರಾ? ಮನೆ 1000 ಚದರ ಅಡಿಗಿಂತ ದೊಡ್ಡದಾ? ಜಾಗ ಒಂದು ಎಕರೆಗಿಂತ ಜಾಸ್ತಿ ಉಂಟಾ? ಸ್ವಂತ ಕಾರು? ಎಲ್ಲರ ಆದಾಯ ಸೇರಿ ತಿಂಗಳಿಗೆ 25,000 ದಾಟುತ್ತದಾ? ಒಂದಕ್ಕೆ ಹೌದು ಎಂದಾದರೂ ಸಾಮಾನ್ಯವಾಗಿ ಪಿಂಕ್ ಸಿಗುವುದಿಲ್ಲ. ಹೊಟ್ಟೆಪಾಡಿಗೆ ಓಡಿಸುವ ಒಂದು ಟ್ಯಾಕ್ಸಿಗೆ ರಿಯಾಯಿತಿ ಇದೆ. ಜಾಗದ ಲೆಕ್ಕದಲ್ಲಿ ಪರಿಶಿಷ್ಟ ಪಂಗಡದವರಿಗೆ ರಿಯಾಯಿತಿ ಇದೆ. ಗಲ್ಫಿನಲ್ಲಿ ಮಗ ದುಡಿಯುತ್ತಿದ್ದು ಆದಾಯ ಚೆನ್ನಾಗಿದ್ದರೆ ಆ ಮನೆಗೂ ಇಲ್ಲ.

ಇದನ್ನೆಲ್ಲ ಮುಚ್ಚಿಟ್ಟು ಕಾರ್ಡು ಮಾಡಿಸಿದವರು ಸುತ್ತಮುತ್ತ ಇದ್ದಾರೆ, ನಿಮಗೂ ಗೊತ್ತು. 2022ರಲ್ಲಿ 'ಆಪರೇಷನ್ ಯೆಲ್ಲೊ' ಎಂದು ಹೆಸರಿಟ್ಟು ಅಂಥವರನ್ನು ಹುಡುಕಿದ್ದರು. ಸಿಕ್ಕಿಬಿದ್ದರೆ ತಿಂದ ಅಕ್ಕಿಯ ಮಾರುಕಟ್ಟೆ ಬೆಲೆ ಕಟ್ಟಬೇಕು. ನನ್ನ ಮಟ್ಟಿಗೆ ಅದು ಸರಿಯೇ. ಪಿಂಕ್ ಕಾರ್ಡುಗಳಿಗೆ ಒಂದು ಮಿತಿ ಉಂಟು, ಅನರ್ಹರು ಹೊರಗೆ ಬಂದರೆ ಮಾತ್ರ ಅರ್ಹರಿಗೆ ಜಾಗ.

ಪಿಂಕಿಗೆ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ಆಗಾಗ ಕೆಲವು ದಿನ ಮಾತ್ರ ಕರೆಯುತ್ತಾರೆ, ರೇಷನ್ ಅಂಗಡಿಯ ಬೋರ್ಡು ನೋಡುತ್ತಿರಿ. ಕ್ಯಾನ್ಸರ್, ಡಯಾಲಿಸಿಸ್‌ನಂಥ ದೊಡ್ಡ ಕಾಯಿಲೆಯವರು ಮನೆಯಲ್ಲಿದ್ದರೆ ಅವರಿಗೆ ಮೊದಲ ಸ್ಥಾನ. ಡಾಕ್ಟರ್ ಸರ್ಟಿಫಿಕೇಟ್ ಇಟ್ಟು ತಾಲೂಕು ಸಪ್ಲೈ ಆಫೀಸಿಗೆ ಹೋಗಿ, ಮಂಜೇಶ್ವರ ತಾಲೂಕಿನವರಾದರೆ ಉಪ್ಪಳಕ್ಕೆ.

ಸಿಕ್ಕಿದ ಮೇಲೆ ಕಳೆದುಕೊಳ್ಳುವ ದಾರಿಯೂ ಉಂಟು. ಮೂರು ತಿಂಗಳು ಒಂದೇ ಸಮನೆ ರೇಷನ್ ತೆಗೆದುಕೊಳ್ಳದಿದ್ದರೆ ಆದ್ಯತಾ ಪಟ್ಟಿಯಿಂದ ಹೊರಗೆ ಹಾಕುತ್ತಾರೆ. ಮಳೆಗಾಲದಲ್ಲಿ ಮಗಳ ಮನೆಗೆ ಹೋಗಿ ಕೂತ ಅಜ್ಜಿಯಂದಿರ ಕಾರ್ಡು ಹೀಗೆ ಬಿಳಿಯಾದದ್ದುಂಟು. ಕಾರ್ಡಿನಲ್ಲಿರುವ ಎಲ್ಲರೂ ಒಂದು ಸಲ ಬೆರಳಿಟ್ಟು ಇ-ಕೆವೈಸಿ ಮಾಡಿಸಿರಬೇಕು. ದೂರು ಹೇಳಲು 1967, ಹಣ ಕೊಡಬೇಕಾಗಿಲ್ಲ.

ಪೆನ್ಷನ್: ಅರ್ಜಿಗಿಂತ ಮಸ್ಟರಿಂಗ್ ಕಷ್ಟ

ಪಂಚಾಯತ್ ಮೂಲಕ ಐದು ಥರದ ಪೆನ್ಷನ್ ಇದೆ. ವೃದ್ಧಾಪ್ಯ, ವಿಧವಾ, ಅಂಗವಿಕಲ, ಕೃಷಿ ಕಾರ್ಮಿಕರದ್ದು, ಮತ್ತೆ 50 ದಾಟಿದ ಅವಿವಾಹಿತ ಮಹಿಳೆಯರದ್ದು. ಕೊನೆಯದು ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಮದುವೆಯಾಗದೆ ಅಣ್ಣನ ಮನೆಯಲ್ಲೋ ತಮ್ಮನ ಮನೆಯಲ್ಲೋ ಉಳಿದ ಅಕ್ಕಂದಿರು ನಮ್ಮ ಊರಿನಲ್ಲಿ ಕಡಿಮೆ ಇಲ್ಲ. ತಿಂಗಳಿಗೆ 1600 ರೂಪಾಯಿ ಇದ್ದದ್ದನ್ನು 2025ರ ನವೆಂಬರಿನಿಂದ 2000 ಮಾಡಿದ್ದಾರೆ.

ಕುಟುಂಬದ ವರ್ಷದ ಆದಾಯ ಒಂದು ಲಕ್ಷದೊಳಗೆ ಇರಬೇಕು. ಅಂಗವಿಕಲರಿಗೆ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಇದೆ ಎಂಬ ಮೆಡಿಕಲ್ ಬೋರ್ಡಿನ ಪತ್ರ ಬೇಕು. ಹೋಗುವ ಕ್ರಮ ಹೀಗೆ. ಮೊದಲು ಅಕ್ಷಯದಲ್ಲಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕಿ. ವಿಲ್ಲೇಜ್ ಆಫೀಸಿನವರು ನೋಡಿ ಕೊಡುತ್ತಾರೆ. ಅದು ಬಂದ ಮೇಲೆ ಪಂಚಾಯತಿನಿಂದ ಫಾರಂ ತಂದು ತುಂಬಿಸಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ವಯಸ್ಸಿನ ದಾಖಲೆಗಳ ಪ್ರತಿ ಇಟ್ಟು ಸೆಕ್ರೆಟರಿಯ ಹೆಸರಿಗೆ ಕೊಡಿ. ವಿಧವೆಯರು ಗಂಡನ ಮರಣ ಪತ್ರವನ್ನೂ ಇಡಬೇಕು. ಆಮೇಲೆ ಯಾರಾದರೂ ಮನೆಗೆ ಬಂದು ವಿಚಾರಿಸುತ್ತಾರೆ. ಆ ದಿನ ಮನೆಯಲ್ಲಿ ಇರಿ. ಬಂದವರ ಹತ್ತಿರ "ಮಗ ಬೆಂಗಳೂರಿನಲ್ಲಿ ಒಳ್ಳೇ ಕೆಲಸದಲ್ಲಿದ್ದಾನೆ" ಎಂದು ಹೆಮ್ಮೆಗೆ ಹೇಳಿ, ಬೇರೆ ಕಾರ್ಡಿನಲ್ಲಿರುವ ಮಗನ ಸಂಬಳವೂ ಲೆಕ್ಕಕ್ಕೆ ಬಂದು ಕಷ್ಟಕ್ಕೆ ಸಿಕ್ಕಿದವರಿದ್ದಾರೆ. ಸುಳ್ಳು ಹೇಳಿ ಎನ್ನುತ್ತಿಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಸಾಕು.

ಪೆನ್ಷನ್ ಬರಲು ಶುರುವಾದ ಮೇಲೂ ನೆಮ್ಮದಿ ಇಲ್ಲ. ಮಸ್ಟರಿಂಗ್ ಎಂದು ಕರೆದಾಗ ಹೋಗಿ ಬದುಕಿದ್ದೇನೆ ಎಂದು ಬೆರಳಿಟ್ಟು ತೋರಿಸಬೇಕು. ಅಕ್ಷಯಕ್ಕೆ ಹೋದರೆ 30 ರೂಪಾಯಿ, ಅವರು ಮನೆಗೆ ಬಂದರೆ 50. ಹಾಸಿಗೆ ಹಿಡಿದವರಿದ್ದರೆ ಮೊದಲೇ ತಿಳಿಸಿ, ಬರುತ್ತಾರೆ.

ಬೆರಳಿನ ಕಷ್ಟ ನಮ್ಮ ಕಡೆ ಜಾಸ್ತಿ. ದೊಡ್ಡಮ್ಮನ ಹೆಬ್ಬೆರಳು ನೋಡಿದ್ದೇನೆ. ನಲವತ್ತು ವರ್ಷ ಬೀಡಿ ಎಲೆ ಮಡಚಿ ಅದರ ತುದಿ ಕನ್ನಡಿಯ ಹಾಗೆ ನುಣುಪಾಗಿದೆ. ಅಡಿಕೆ ಸುಲಿಯುವವರದ್ದೂ ಹಾಗೆ, ಗೆರೆಗಳ ಮೇಲೆ ಕಪ್ಪು ಕಲೆ. ಮಿಷನ್ನು ಕೆಂಪು ದೀಪ ತೋರಿಸುತ್ತದೆ, ಮತ್ತೆ ಒರೆಸುತ್ತಾರೆ, ಮತ್ತೆ ಕೆಂಪು. ನಾವು ಕಂಡುಕೊಂಡ ಉಪಾಯ ಇಷ್ಟೆ: ಹಿಂದಿನ ರಾತ್ರಿ ಬೆರಳಿಗೆ ತೆಂಗಿನ ಎಣ್ಣೆ ತಿಕ್ಕಿ ಮಲಗುವುದು, ಬೆಳಿಗ್ಗೆ ಸೋಪು ಹಾಕಿ ತೊಳೆದು ಒರೆಸಿಕೊಂಡು ಹೋಗುವುದು, ಹೆಬ್ಬೆರಳೇ ಬೇಕೆಂದು ಹಟ ಮಾಡದೆ ಹತ್ತೂ ಬೆರಳು ನೋಡಿಸುವುದು. ದೊಡ್ಡಮ್ಮನದ್ದು ಎಡಗೈಯ ಉಂಗುರ ಬೆರಳಿನಲ್ಲಿ ಹಸಿರು ಬಂತು. ಕಣ್ಣಿನ ಮಿಷನ್ ಇದೆಯಾ ಎಂದೂ ಕೇಳಿ. ಯಾವುದೂ ಆಗದಿದ್ದರೆ ಮಸ್ಟರಿಂಗ್ ವಿಫಲ ಎಂಬ ಚೀಟಿ ಹಿಡಿದುಕೊಂಡು ಪಂಚಾಯತಿಗೆ ಹೋಗಿ ಜೀವಂತ ಪ್ರಮಾಣ ಪತ್ರ ಕೊಡಬಹುದು. ಆ ಚೀಟಿ ತೆಗೆದುಕೊಳ್ಳದೆ ವಾಪಸ್ ಬರಬೇಡಿ.

60 ಆಗದ ವಿಧವೆಯರು ಪ್ರತಿ ವರ್ಷ ಮತ್ತೆ ಮದುವೆಯಾಗಿಲ್ಲ ಎಂಬ ಪತ್ರವನ್ನೂ ಕೊಡಬೇಕು. ಓದುವಾಗಲೇ ಬೇಸರ ಬರುವ ನಿಯಮ. ಕೊಡದಿದ್ದರೆ ಪೆನ್ಷನ್ ನಿಲ್ಲುತ್ತದೆ, ಹಾಗಾಗಿ ಕೊಟ್ಟುಬಿಡಿ.

ಹಣ ಬ್ಯಾಂಕಿಗೆ ಬರುವಂತೆಯೂ ಮಾಡಬಹುದು, ಸಹಕಾರಿ ಸಂಘದವರು ಮನೆಗೆ ತಂದುಕೊಡುವಂತೆಯೂ ಮಾಡಬಹುದು. ತಂದುಕೊಡುವವರಿಗೆ ಸರ್ಕಾರದಿಂದಲೇ ಕಮಿಷನ್ ಉಂಟು. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಡಿ, ನೋಟು ಕೊಡಬೇಕಾಗಿಲ್ಲ.

ಹಾಸಿಗೆ ಹಿಡಿದವರನ್ನು ನೋಡಿಕೊಂಡು ಕೆಲಸಕ್ಕೆ ಹೋಗಲಾಗದವರಿಗೆ 'ಆಶ್ವಾಸಕಿರಣಂ' ಎಂದು ತಿಂಗಳಿಗೆ 600 ರೂಪಾಯಿಯ ಒಂದು ಸಹಾಯ ಇದೆ. ಫಾರಂ ಅಂಗನವಾಡಿಯಲ್ಲಿ ಕೇಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟದ್ದು 2000ದಲ್ಲಿ ನಿಂತಿತು, ಅದರ ಫಲ ಎಣ್ಮಕಜೆ, ಬೆಳ್ಳೂರಿನಂಥ ಕಡೆ ಮನೆಗಳೊಳಗೆ ಇನ್ನೂ ಇದೆ. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದವರಿಗೆ 'ಸ್ನೇಹಸಾಂತ್ವನಂ' ಪೆನ್ಷನ್ ಬೇರೆ. 5 ಲಕ್ಷ ಪರಿಹಾರ ಕೊಡಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಟ್ಟಿಯಲ್ಲಿ ಇದ್ದೂ ಸಿಗದವರು ವಿದ್ಯಾನಗರದ ಕಲೆಕ್ಟರೇಟಿಗೇ ಬರೆಯಿರಿ.

ಆಸ್ಪತ್ರೆ, ಅದೂ ಮಂಗಳೂರಿನಲ್ಲಿ

'ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ', ಚುಟುಕಾಗಿ ಕಾಸ್ಪ್. ಕೇಂದ್ರದ ಆಯುಷ್ಮಾನ್ ಭಾರತವನ್ನು ಸೇರಿಸಿಕೊಂಡು 2019ರಿಂದ ನಡೆಯುತ್ತಿದೆ. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಅಡ್ಮಿಟ್ ಆದರೆ ಮಾತ್ರ. ಸುಮ್ನೆ ಡಾಕ್ಟರಿಗೆ ತೋರಿಸಿ ಮದ್ದು ತರುವುದಕ್ಕೆ ಇಲ್ಲ.

ಪಿಂಕ್ ಕಾರ್ಡು ಇದ್ದ ಮಾತ್ರಕ್ಕೆ ಇದರಲ್ಲಿ ಹೆಸರಿದೆ ಎಂದು ತಿಳಿಯಬೇಡಿ. ಇದರ ಪಟ್ಟಿ ಬೇರೆ. ಕಾಯಿಲೆ ಬರುವ ಮುಂಚೆಯೇ ಒಂದು ದಿನ ಸರ್ಕಾರಿ ಆಸ್ಪತ್ರೆಯ ಕಾಸ್ಪ್ ಕೌಂಟರಿಗೆ ಆಧಾರ್, ರೇಷನ್ ಕಾರ್ಡು ಹಿಡಿದುಕೊಂಡು ಹೋಗಿ ನೋಡಿಸಿ. ಪಟ್ಟಿಯಲ್ಲಿ ಇಲ್ಲದಿದ್ದು ವರ್ಷದ ಆದಾಯ 3 ಲಕ್ಷದೊಳಗೆ ಇದ್ದರೆ ಕಾರುಣ್ಯ ಬೆನೆವಲೆಂಟ್ ಫಂಡ್ ಬಗ್ಗೆ ಅದೇ ಕೌಂಟರಿನಲ್ಲಿ ಕೇಳಿ. ಫೋನಿನಲ್ಲಿ ವಿಚಾರಿಸಲು 1056.

ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಅದು ಎಷ್ಟು ನಿಜ ಎಂದು ಎಲ್ಲರಿಗೂ ಗೊತ್ತಾಯಿತು. ಆಯುಷ್ಮಾನ್ ಕಾರ್ಡು ಬೇರೆ ರಾಜ್ಯದಲ್ಲೂ ನಡೆಯುತ್ತದೆ ಎಂಬುದು ನಿಯಮ. ಆದರೆ ಆ ಆಸ್ಪತ್ರೆ ಯೋಜನೆಯಲ್ಲಿ ಸೇರಿರಬೇಕು, ನಿಮಗೆ ಬೇಕಾದ ಚಿಕಿತ್ಸೆಗೂ ಸೇರಿರಬೇಕು. ಅಡ್ಮಿಟ್ ಆಗುವ ಮುಂಚೆ ಆಯುಷ್ಮಾನ್ ಡೆಸ್ಕಿಗೆ ಹೋಗಿ "ಕೇರಳದ ಕಾರ್ಡು, ಈ ಆಪರೇಷನ್‌ಗೆ ನಡೆಯುತ್ತದಾ?" ಎಂದು ನೇರವಾಗಿ ಕೇಳಿ. ಹಣ ಕಟ್ಟಿ ಆಮೇಲೆ ವಾಪಸ್ ಪಡೆಯೋಣ ಎಂದರೆ ಆಗುವ ಕೆಲಸವಲ್ಲ. ನನ್ನ ಭಾವ ಹಾಗೆ ಕಟ್ಟಿದ ಹಣ ಹೋದದ್ದು ಹೋಯಿತು.

ಮನೆ

ಮನೆ ಇಲ್ಲದವರಿಗೆ ಲೈಫ್ ಮಿಷನ್, ಸಾಮಾನ್ಯವಾಗಿ 4 ಲಕ್ಷ. ಹೊಸ ಅರ್ಜಿ ಕರೆದಾಗ ಮಾತ್ರ ಹಾಕಲು ಆಗುವುದು. ಪಟ್ಟಿ ಗ್ರಾಮಸಭೆಯಲ್ಲಿ ಓದುತ್ತಾರೆ. ಸಭೆಗೆ ಹೋಗದೆ ಆಮೇಲೆ ಪೇಟೆಯಲ್ಲಿ ನಿಂತು ಬೈದು ಪ್ರಯೋಜನ ಇಲ್ಲ. ಹೆಸರು ಓದುವಾಗಲೇ ಎದ್ದು ಕೇಳಬೇಕು, ಕೇಳಿದ್ದನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಬೇಕು.

ಗಡಿಯ ಆಚೆಯದ್ದು

ಗೃಹಲಕ್ಷ್ಮಿಯ 2000, ಶಕ್ತಿಯ ಉಚಿತ ಬಸ್ಸು ನಮಗೂ ಸಿಗುತ್ತದಾ ಎಂದು ಪ್ರತಿ ತಿಂಗಳು ಯಾರಾದರೂ ಕೇಳುತ್ತಾರೆ. ಇಲ್ಲ. 2023ರಲ್ಲಿ ಶುರುವಾದ ಇವೆರಡೂ ಕರ್ನಾಟಕದಲ್ಲಿ ವಾಸ ಇರುವವರಿಗೆ. ಕನ್ನಡ ಮಾತಾಡುವವರಿಗೆ ಎಂದಲ್ಲ. ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಬಾಗಿಲು ತೋರಿಸಿ. ಎರಡು ರಾಜ್ಯದಲ್ಲಿ ಕಾರ್ಡು ಇಟ್ಟುಕೊಳ್ಳುವ ಕಾಲವೂ ಮುಗಿಯಿತು, ಆಧಾರ್ ಸೇರಿಸಿದಲ್ಲಿ ಗೊತ್ತಾಗುತ್ತದೆ.

ಒಂದು ಮಾತ್ರ ನಡೆಯುತ್ತದೆ. ಮಂಗಳೂರಿನಲ್ಲಿ ಕೂಲಿಗಿರುವ ಹಳದಿ, ಪಿಂಕ್ ಕಾರ್ಡಿನವರು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಿಟ್ಟು ತಮ್ಮ ಪಾಲಿನ ಧಾನ್ಯ ಪಡೆಯಬಹುದು. 'ಒಂದು ದೇಶ, ಒಂದು ರೇಷನ್ ಕಾರ್ಡು' ಎಂದರೆ ಇದೇ.

ಪುತ್ತೂರು, ವಿಟ್ಲ, ಸುಳ್ಯದ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರ ವಿಷಯ ಇನ್ನೊಂದು. ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಪತ್ರ ಅಲ್ಲಿಂದ ತರಬೇಕು. ಆಧಾರಿನ ವಿಳಾಸ ಇಲ್ಲಿಗೆ ಬದಲಿಸಬೇಕು. ಆಮೇಲೆಯೇ ಇಲ್ಲಿನ ಕಾರ್ಡಿಗೆ ಹೆಸರು ಸೇರುವುದು. ಮೊದಲ ವರ್ಷದಲ್ಲೇ ಮಾಡಿಸಿ. ಮಗುವಾದ ಮೇಲೆ ಆ ಓಡಾಟಕ್ಕೆ ಯಾರಿಗೆ ಪುರುಸೊತ್ತು?

ಕನ್ನಡದಲ್ಲೇ ಬರೆಯಿರಿ

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆಯ ಸರ್ಕಾರಿ ಆಫೀಸುಗಳಿಗೆ ಕನ್ನಡದವರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ದೂರು, ಅಹವಾಲನ್ನು ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೂ ಹೇಳುತ್ತದೆ. ಕೌಂಟರಿನಲ್ಲಿ "ಮಲಯಾಳದಲ್ಲಿ ಬರೆದು ತನ್ನಿ" ಎಂದರೆ ಜಗಳ ಬೇಡ. "ಕನ್ನಡದಲ್ಲಿ ಕೊಡಬಹುದು ಸರ್, ದಯವಿಟ್ಟು ಸೀಲು ಹಾಕಿ ಕೊಡಿ" ಎಂದು ಮೆಲ್ಲಗೆ ಹೇಳಿ ಅಲ್ಲೇ ನಿಲ್ಲಿ.

ದೊಡ್ಡಮ್ಮನಿಗೆ ನಾನು ಬರೆದುಕೊಟ್ಟದ್ದು ಹೆಚ್ಚುಕಡಿಮೆ ಹೀಗಿತ್ತು:

"ಸೆಕ್ರೆಟರಿಯವರಿಗೆ. ನಾನು ಇಂಥ ವಾರ್ಡಿನ ಇಂಥ ನಂಬರಿನ ಮನೆಯಲ್ಲಿ ವಾಸವಾಗಿದ್ದೇನೆ. ವಿಧವಾ ಪೆನ್ಷನ್‌ಗೆ ಇಂಥ ದಿನ ಅರ್ಜಿ ಕೊಟ್ಟಿದ್ದೇನೆ, ರಶೀದಿ ನಂಬರು ಇಂಥದ್ದು. ಗಂಡನ ಹೆಸರು ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ಥರ ಇರುವ ಕಾರಣ ಅರ್ಜಿ ವಾಪಸ್ ಬಂದಿದೆ. ಈ ಮೂರೂ ಹೆಸರಿನವರು ಒಬ್ಬರೇ ಎಂದು ವಿಲ್ಲೇಜ್ ಆಫೀಸರ್ ಕೊಟ್ಟ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅರ್ಜಿಯನ್ನು ಪರಿಶೀಲಿಸಿ, ತೀರ್ಮಾನವನ್ನು ಕನ್ನಡದಲ್ಲಿ ತಿಳಿಸಬೇಕಾಗಿ ವಿನಂತಿ."

ಅಷ್ಟೇ. ಕಷ್ಟಸುಖದ ಕತೆ ಎರಡು ಪುಟ ಬರೆಯುವ ಅಗತ್ಯ ಇಲ್ಲ. ಓದುವವರಿಗೆ ಬೇಕಾದದ್ದು ದಿನಾಂಕ, ನಂಬರು, ಏನು ಬೇಕು ಎಂಬ ಒಂದು ಸಾಲು.

ಎರಡು ಪ್ರತಿ ಮಾಡಿ. ಒಂದು ಕೊಡಿ, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿ ತನ್ನಿ. ತೆಗೆದುಕೊಳ್ಳುವುದೇ ಇಲ್ಲ ಎಂದರೆ ಅಂಚೆ ಕಚೇರಿಯಿಂದ ಮರುಸ್ವೀಕೃತಿ ಚೀಟಿ ಸಮೇತ ಕಳಿಸಿ. ತಿಂಗಳುಗಟ್ಟಲೆ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ "ನನ್ನ ಅರ್ಜಿ ಯಾರ ಮೇಜಿನ ಮೇಲೆ ಯಾವ ದಿನದಿಂದ ಇದೆ?" ಎಂದು ಕೇಳಿ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ ಆಯಿತು, ಬಿಪಿಎಲ್ ಆದರೆ ಅದೂ ಬೇಡ. 30 ದಿನದೊಳಗೆ ಉತ್ತರ ಕೊಡಬೇಕು. ನಾನು ನೋಡಿದ ಮಟ್ಟಿಗೆ ಉತ್ತರ ಬರುವ ಮುಂಚೆ ಕೆಲಸವೇ ಆಗಿರುತ್ತದೆ. ವಕೀಲರ ಸಹಾಯ ಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಫೋನು 15100.

ದೊಡ್ಡಮ್ಮನ ಕಾಗದಗಳು ಈಗ ಸೀರೆ ಅಂಗಡಿಯ ಒಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿವೆ. ಜಿರಲೆ ತಿನ್ನಬಾರದು ಎಂದು ಒಳಗೆ ಎರಡು ಕರ್ಪೂರ. ಮಳೆಗಾಲ ಶುರುವಾಗುವ ಮುಂಚೆ ನನ್ನನ್ನು ಕರೆದು ಒಂದೊಂದೇ ತೆಗೆಸಿ ಬಿಸಿಲಿಗೆ ಇಡಿಸುತ್ತಾರೆ. ಆ ವನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್ ಮಾತ್ರ ಅವರೇ ಇಡುತ್ತಾರೆ, ಗಾಳಿಗೆ ಹಾರದಂತೆ ಮೇಲೊಂದು ಅಡಿಕೆ ಇಟ್ಟು.